ಆಮೆಯ ಚಿಪ್ಪಿನೊಳಗೆ

ಬಿ.ಎ. ತರಗತಿಯಲ್ಲಿ ಷೇಕ್ಸ್‌ಪಿಯರನ ‘ಜೂಲಿಯಸ್ ಸೀಸರ್’ ಓದಿದ ನಮಗೆಲ್ಲ ಆಂಟನಿ ಎಂದರೆ ಮಾತುಗಾರ, ಅಲ್ಲವೇ? ಅವನು ದಂಡನಾಯಕನೂ ಹೌದು.

ಕ್ರಿ.ಪೂ. 36ರಲ್ಲಿ ಪಾರ್ಥಿಯನ್ನರ ಮೇಲೆ ದಂಡೆತ್ತಿ ಹೋಗಿ, ಕೆಲಸ ಕೈಗೂಡದೆ ಹಿಂದಿರುಗುತ್ತಿದ್ದಾಗ ಅವನ ಸೈನ್ಯದ ಮೇಲೆ ಬಾಣಗಳ ಮಳೆಯೇ ಸುರಿಯಿತು. ಮುಂದಿನ ಸಾಲಿನವರು ಮಂಡಿಯೂರಿ ಗುರಾಣಿ ಒಡ್ಡಿದರು. ಹಿಂದಿನವರು ತಮ್ಮ ಗುರಾಣಿಗಳನ್ನು ಅವರ ತಲೆಯ ಮೇಲೆ ಹೆಂಚಿನಂತೆ ಹೊದಿಸಿದರು. ಇದೇ ‘ಟೆಸ್ಟುಡೊ’, ಅಂದರೆ ಆಮೆ. ರೋಮನರು ದಣಿದು ಕುಸಿದರೆಂದು ತಿಳಿದ ವೈರಿಗಳು ಬಿಲ್ಲು ಬಿಟ್ಟು ಹತ್ತಿರ ಬಂದರು. ಆಮೆ ದಿಢೀರನೆ ಎದ್ದು ನಿಂತಿತು! ಬಂದವರು ದಿಕ್ಕಾಪಾಲಾದರು. ಇದನ್ನು ಬರೆದಿಟ್ಟವನು ಪ್ಲುಟಾರ್ಕ್. ಷೇಕ್ಸ್‌ಪಿಯರನ ನಾಟಕಕ್ಕೆ ಕಥೆ ಸಿಕ್ಕಿದ್ದೂ ಅವನಿಂದಲೇ.

ಇಂಗ್ಲೆಂಡಿನಲ್ಲಿ 1972ರಲ್ಲಿ ಹುಟ್ಟಿದ ‘ಎರ್ಮಿನ್ ಸ್ಟ್ರೀಟ್ ಗಾರ್ಡ್’ ಎಂಬ ಹವ್ಯಾಸಿ ತಂಡದವರು ರೋಮನ್ ಉಡುಪು, ಆಯುಧಗಳನ್ನು ಹಳೆಯ ಮಾದರಿಯಂತೆಯೇ ಮಾಡಿಕೊಂಡು ಇಂಥ ವ್ಯೂಹಗಳನ್ನು ಜನರೆದುರು ಕಟ್ಟಿ ತೋರಿಸಿದ್ದಾರೆ.

ಈ ವ್ಯೂಹದ ಗುಟ್ಟು ಇಷ್ಟೇ: ನಿಮ್ಮ ತಲೆ ಕಾಯುವುದು ಹಿಂದಿನವನ ಗುರಾಣಿ, ನಿಮ್ಮದು ಮುಂದಿನವನಿಗೆ. ತೋಳು ನೋವೆಂದು ನೀವು ಇಳಿಸಿದರೆ ಬಾಣ ನಾಟುವುದು ಅವನಿಗೆ.

ಇನ್ನೊಮ್ಮೆ ಆಂಟನಿಯ ಭಾಷಣ ಓದುವಾಗ, ಗುರಾಣಿ ಇಳಿಸದೆ ನಿಂತ ಆ ಹೆಸರಿಲ್ಲದವರನ್ನೂ ನೆನೆಯಿರಿ.