ಒಂಬತ್ತು ಪಾಲಿಕೆಗಳು ಸೇರಿ ಒಂದು ಕೊಳವೆ ಹಾಕಲಾಗದೇ?

ನವೆಂಬರ್ ಅಂದರೆ ಬ್ಯಾಂಕಿನವರಿಗೆ ಪೆನ್ಶನ್‌ದಾರರ ತಿಂಗಳು. ನಿವೃತ್ತರೆಲ್ಲ ಬಂದು ತಾವಿನ್ನೂ ಬದುಕಿದ್ದೇವೆ ಅಂತ ತೋರಿಸಿ ಹೋಗಬೇಕು. ಮೊದಲಾದರೆ ಒಂದು ಕಾಗದಕ್ಕೆ ಸಹಿ ಹಾಕಿದರೆ ಮುಗಿಯುತ್ತಿತ್ತು. 2014ರಲ್ಲಿ ಜೀವನ್ ಪ್ರಮಾಣ್ ಬಂದ ಮೇಲೆ ಬೆರಳಚ್ಚು ಕೊಟ್ಟರೆ ಸಾಕು, ಆಧಾರ್ ಮೂಲಕ ಕೂತಲ್ಲೇ ಕೆಲಸ ಆಗುತ್ತದೆ. ಒಳ್ಳೆಯ ವ್ಯವಸ್ಥೆಯೇ ಸರಿ.... ಲಿಂಕ್ ಇದ್ದರೆ.

ಕಳೆದ ನವೆಂಬರಿನಲ್ಲಿ ಒಂದು ದಿನ ಬೆಳಿಗ್ಗೆ ಹನ್ನೊಂದಕ್ಕೆ ನಮ್ಮ ಶಾಖೆಯ ಲಿಂಕ್ ಹೋಯಿತು. ನಮ್ಮದು ಸೆಂಟ್ರಲ್ ಲೈನಿನಲ್ಲಿ ಥಾಣೆ ದಾಟಿ ಇನ್ನೂ ಒಳಗೆ ಹೋದರೆ ಸಿಗುವ ಶಾಖೆ. ಹೊರಗೆ ಮೂವತ್ತು ನಲವತ್ತು ಜನ ಹಿರಿಯರು. ಒಬ್ಬ ಅಜ್ಜಿಯಂತೂ ಎರಡು ಸಲ ಬಂದು ಹೋದವರು, ಮೂರನೇ ಸಲ ರಿಕ್ಷಾ ಮಾಡಿಕೊಂಡು ಬಂದಿದ್ದರು. "ಸಾಹೇಬ್, ಲಿಂಕ್ ನಾಹೀ ಕಾ?" ಎಂದು ಕೇಳಿದರು. ನನ್ನ ಎದುರಿಗೆ ಕೂತಿದ್ದಾರೆ, ಮಾತಾಡುತ್ತಿದ್ದಾರೆ, ಆದರೆ ಬದುಕಿದ್ದಾರೆ ಅಂತ ಬರೆದುಕೊಡಲು ನನ್ನ ಕೈಯಲ್ಲಿ ಆಗುತ್ತಿಲ್ಲ. ಕಾಗದದಲ್ಲಿ ಬರೆಸಿಕೊಳ್ಳೋಣ ಅಂದರೆ ಅದನ್ನು ಏರಿಸಲಿಕ್ಕೂ ಲಿಂಕೇ ಬೇಕು. ಸಂಜೆ ನಾಲ್ಕಕ್ಕೆ ಎಲ್ಲರನ್ನೂ ವಾಪಸು ಕಳಿಸಿದೆವು.

ಇದರಲ್ಲಿ ಹೊಸದೇನಿದೆ, ಲಿಂಕ್ ಹೋಗುವುದು ಬ್ಯಾಂಕಿನಲ್ಲಿ ದಿನಾ ಇದ್ದದ್ದೇ ಅನ್ನುತ್ತೀರಿ. ಹೊಸದು ಇಲ್ಲಿದೆ ಕೇಳಿ. ನಮಗೆ ಎರಡು ಲೈನು ಇವೆ. ಎರಡು ಬೇರೆ ಬೇರೆ ಕಂಪನಿಗಳದ್ದು. ಒಂದು ಹೋದರೆ ಇನ್ನೊಂದು ಇರಲಿ ಅಂತ ಬ್ಯಾಂಕು ಎರಡಕ್ಕೂ ದುಡ್ಡು ಕಟ್ಟುತ್ತದೆ. ಅವತ್ತು ಎರಡೂ ಒಂದೇ ನಿಮಿಷಕ್ಕೆ ಸತ್ತವು. ಮರುದಿನ ರಿಪೇರಿಗೆ ಬಂದ ಹುಡುಗ ನಗುತ್ತಾ ಹೇಳಿದ: ಮುಖ್ಯರಸ್ತೆಯಲ್ಲಿ ಮೂರನೆಯ ಕಂಪನಿಯೊಂದರ ಗುತ್ತಿಗೆದಾರ ತನ್ನ ಕೇಬಲ್ ಹಾಕಲು ಜೆಸಿಬಿ ಇಳಿಸಿದ್ದಾನೆ, ನಮ್ಮ ಎರಡೂ ಕೇಬಲ್ ಒಂದೇ ಗುಂಡಿಯಲ್ಲಿ ಅಕ್ಕಪಕ್ಕ ಮಲಗಿದ್ದವು! ಕಾಗದದ ಮೇಲೆ ಎರಡು ಕಂಪನಿ, ಎರಡು ಬಿಲ್ಲು. ಮಣ್ಣಿನ ಕೆಳಗೆ ಒಂದೇ ದಾರಿ.

ಅಂದರೆ ಹಂಚಿಕೊಳ್ಳುವುದು ಕಂಪನಿಗಳಿಗೆ ಗೊತ್ತಿಲ್ಲದ ವಿದ್ಯೆ ಏನಲ್ಲ ಸ್ವಾಮಿ. ತಮಗೆ ಅನುಕೂಲವಾದಲ್ಲಿ ಸದ್ದಿಲ್ಲದೆ ಹಂಚಿಕೊಳ್ಳುತ್ತಾರೆ. ಅನುಕೂಲವಿಲ್ಲದಲ್ಲಿ ಪ್ರತಿಯೊಬ್ಬರೂ ಬೇರೆ ಬೇರೆಯಾಗಿ ರಸ್ತೆ ಅಗೆಯುತ್ತಾರೆ. ಎರಡೂ ಕಡೆ ನಷ್ಟ ಮಾತ್ರ ನಮ್ಮದು.

ನಾನು ಹೇಳಲು ಹೊರಟಿರುವುದು ಇಷ್ಟು. ಮುಂಬೈ ಮಹಾನಗರ ಪ್ರದೇಶದಲ್ಲಿ ಇರುವ ಒಂಬತ್ತು ಮಹಾನಗರಪಾಲಿಕೆಗಳು, ಅಂದರೆ ಬೃಹನ್ಮುಂಬೈ, ಥಾಣೆ, ನವಿ ಮುಂಬೈ, ಕಲ್ಯಾಣ್-ಡೊಂಬಿವಲಿ, ಉಲ್ಲಾಸನಗರ, ಭಿವಂಡಿ, ಮೀರಾ-ಭಾಯಂದರ್, ವಸಾಯಿ-ವಿರಾರ್, ಪನ್ವೇಲ್, ಇವೆಲ್ಲ ಸೇರಿ ಒಂದು ಸಂಸ್ಥೆ ಮಾಡಬೇಕು. ನೆಲದಡಿಯ ಕೊಳವೆ ಮತ್ತು ಅದರೊಳಗಿನ ಖಾಲಿ ಫೈಬರ್ ಆ ಸಂಸ್ಥೆಯ ಆಸ್ತಿಯಾಗಿರಬೇಕು. ಯಾವ ಕಂಪನಿ ಬಂದರೂ, ದೊಡ್ಡದಿರಲಿ ಸಣ್ಣದಿರಲಿ, ಒಂದೇ ದರದಲ್ಲಿ ಬಾಡಿಗೆಗೆ ಕೊಡಬೇಕು. ಪಾಲಿಕೆ ಇಂಟರ್ನೆಟ್ ಮಾರಬಾರದು. ರಸ್ತೆ ಪಾಲಿಕೆಯದ್ದು, ಬಸ್ಸು ಯಾರದ್ದಾದರೂ ಓಡಲಿ.

ಇದನ್ನು ಆಫೀಸಿನಲ್ಲಿ ಹೇಳಿದಾಗ ಗೆಳೆಯರು ಗೊಳ್ಳೆಂದು ನಕ್ಕರು. ರಸ್ತೆಯ ಗುಂಡಿ ಮುಚ್ಚಲಾರದವರು ಫೈಬರ್ ಹಾಕುತ್ತಾರಾ? ಒಂಬತ್ತು ಪಾಲಿಕೆ, ಒಂಬತ್ತು ಕಮಿಷನರು, ಎಷ್ಟೋ ಪಕ್ಷಗಳು, ಒಟ್ಟಿಗೆ ಕೂರುತ್ತಾರಾ?

ಕೂತಿದ್ದಾರೆ ಮಾರಾಯ್ರೆ! ನೀವು ಥಾಣೆಯಲ್ಲೋ ಭಾಯಂದರಿನಲ್ಲೋ ಇದ್ದರೆ ಇವತ್ತು ಬೆಳಿಗ್ಗೆ ಕುಡಿದ ನೀರು ಹೇಗೆ ಬಂತು ಅಂತ ವಿಚಾರಿಸಿ. ಶಹಾಡ್-ಟೆಮ್‌ಘರ್‌ನಲ್ಲಿ ಉಲ್ಹಾಸ್ ನದಿಯ ನೀರೆತ್ತಿ ಹಂಚುವ ಸ್ಟೆಮ್ ಎಂಬ ಕಂಪನಿ ಇದೆ. ಅದರ ಮಾಲೀಕರು ಥಾಣೆ, ಭಿವಂಡಿ, ಮೀರಾ-ಭಾಯಂದರ್ ಪಾಲಿಕೆಗಳು ಮತ್ತು ಥಾಣೆ ಜಿಲ್ಲಾ ಪರಿಷತ್ತು. ಮುಂಬೈಯವರು ಕುಡಿಯುವ ತಾನಸಾ, ವೈತರಣಾ, ಭಾತಸಾ ನೀರು ಅಷ್ಟು ದೂರದಿಂದ ಬೇರೆಯವರ ಗಡಿ ದಾಟಿಯೇ ಬರಬೇಕು. ನೀರಿಗೆ ಪಾಲಿಕೆಯ ಗಡಿ ಇಲ್ಲ, ಲೋಕಲ್ ರೈಲಿಗೂ ಇಲ್ಲ. ಕೇಬಲ್‌ಗೆ ಮಾತ್ರ ಯಾಕಿರಬೇಕು? 1975ರಿಂದ ಎಂಎಂಆರ್‌ಡಿಎ ಅಂತ ಒಂದು ಪ್ರಾಧಿಕಾರ ಈ ಎಲ್ಲ ಊರುಗಳನ್ನು ಒಂದಾಗಿ ನೋಡಲೆಂದೇ ಇದೆ. ಮೆಟ್ರೋ ಮಾಡುತ್ತದೆ, ಸೇತುವೆ ಕಟ್ಟುತ್ತದೆ. ಆ ಸೇತುವೆಗಳ ಬದಿಯಲ್ಲೇ ಒಂದೊಂದು ಕೊಳವೆ ಸೇರಿಸಿದರೆ ಆಗುವ ಹೆಚ್ಚುವರಿ ಖರ್ಚು ಎಷ್ಟು? ಫೈಬರ್ ಹಾಕುವುದರಲ್ಲಿ ಗಾಜಿನ ಎಳೆ ಅಗ್ಗ, ಅಗೆತ ದುಬಾರಿ. ಅದರ ಮೇಲೆ ರಸ್ತೆ ಮುಚ್ಚುವ ಶುಲ್ಕ, ಪರವಾನಗಿ, "ಚಹಾಪಾನಿ". ಒಂದು ಸಲ ಅಗೆದು ನಾಲ್ಕು ಖಾಲಿ ಕೊಳವೆ ಹಾಕಿಟ್ಟರೆ ಮುಂದಿನವರು ತಂತಿ ತಳ್ಳಿದರೆ ಆಯಿತು.

ಮುಂಬೈಯಲ್ಲಿ 2023ರಿಂದ ಸುಮಾರು 400 ಕಿಲೋಮೀಟರ್ ರಸ್ತೆಗೆ ಕಾಂಕ್ರೀಟ್ ಹಾಕುವ ದೊಡ್ಡ ಕೆಲಸ ಹಿಡಿದರು, ಆರು ಸಾವಿರ ಕೋಟಿ ರೂಪಾಯಿ ಲೆಕ್ಕ. ಡಾಂಬರಿನಂತಲ್ಲ ಕಾಂಕ್ರೀಟು, ಒಮ್ಮೆ ಹಾಕಿ ಮತ್ತೆ ಒಡೆದರೆ ಅದು ಮೊದಲಿನಂತೆ ಆಗುವುದಿಲ್ಲ. ಕೊಳವೆ ಹಾಕುವುದಾದರೆ ಕಾಂಕ್ರೀಟಿಗೆ ಮೊದಲೇ ಹಾಕಬೇಕು. ಇದಕ್ಕೆ ಎಂಜಿನಿಯರ್ ಆಗಬೇಕಿಲ್ಲ, ಬಿ.ಕಾಂ. ಸಾಕು. 2023ರ ದೂರಸಂಪರ್ಕ ಕಾಯ್ದೆಯಲ್ಲಿ ಸಾಮಾನ್ಯ ಕೊಳವೆಗಳ ಮಾತು ಇದೆ. ಅದೇ ವರ್ಷ ಮಾರ್ಚಿನಲ್ಲಿ, ಅಗೆಯುವ ಮೊದಲು ತಿಳಿಸಿ ಅಂತ ಕೇಂದ್ರ ಸರ್ಕಾರ ಒಂದು ಆ್ಯಪ್ ಕೂಡ ತಂದಿತು. ಆ್ಯಪ್ ಇದೆ, ನಮ್ಮ ಶಾಖೆಯ ಕೇಬಲ್ ಕಡಿದ ಜೆಸಿಬಿಯವನಿಗೆ ಅದು ಗೊತ್ತಿತ್ತೋ ಇಲ್ಲವೋ!

ಇನ್ನೊಂದು ಆಕ್ಷೇಪ, ಖಾಸಗಿಯವರು ಅಗ್ಗಕ್ಕೆ ಕೊಡುತ್ತಿರುವಾಗ ಸರ್ಕಾರಿ ಕೊಳವೆ ಯಾಕೆ ಅಂತ. ನಮ್ಮ ಸೊಸೈಟಿಯ ಕಥೆ ಹೇಳುತ್ತೇನೆ. ನಾನೇ ಅಲ್ಲಿ ಖಜಾಂಚಿ ಆಗಿದ್ದೆ. ಒಂದು ಕಂಪನಿ ಬಂದು, ಕಟ್ಟಡದೊಳಗೆ ನಮ್ಮ ಕೇಬಲ್ ಮಾತ್ರ ಇರಲಿ, ವರ್ಷಕ್ಕೆ ಸೊಸೈಟಿಗೆ ಇಷ್ಟು ಕೊಡುತ್ತೇವೆ ಅಂದಿತು. ಟೆರೇಸು ಸೋರುತ್ತಿತ್ತು, ರಿಪೇರಿ ಫಂಡಿಗೆ ದುಡ್ಡು ಬೇಕಿತ್ತು. ಸಹಿ ಹಾಕಿದ್ದು ನಾನೇ. ಮೊದಲ ವರ್ಷ ಚೆನ್ನಾಗಿತ್ತು. ಆಮೇಲೆ ದರ ಏರಿತು, ದೂರು ಕೊಟ್ಟರೆ ಮೂರು ದಿನಕ್ಕೆ ಬರತೊಡಗಿದರು. ಬಿಟ್ಟು ಹೋಗೋಣ ಅಂದರೆ ಎಲ್ಲಿಗೆ? ಬೇರೆಯವರನ್ನು ಬಾಗಿಲಲ್ಲೇ ವಾಪಸು ಕಳಿಸಿದವರು ನಾವೇ ಅಲ್ಲವೇ! ಇನ್ನು ನಮ್ಮ ಕಟ್ಟಡದ ಹಿಂದೆ ಒಂದು ಹಳೆಯ ಚಾಳು ಇದೆ. ಅಲ್ಲಿಗೆ ಯಾರೂ ಕೇಬಲ್ ತಂದೇ ಇಲ್ಲ. ಎಷ್ಟು ಮನೆಯವರು ತೆಗೆದುಕೊಳ್ಳುತ್ತಾರೋ ಗ್ಯಾರಂಟಿ ಇಲ್ಲ ಅನ್ನುತ್ತಾರೆ. ಎರಡು ಹೆಜ್ಜೆ ದೂರ. ಚಾಳಿನ ಹುಡುಗರು ಪರೀಕ್ಷೆಯ ಫಾರಂ ತುಂಬಲು ನಮ್ಮ ವಾಚ್‌ಮ್ಯಾನಿನ ಕುರ್ಚಿಯ ಹತ್ತಿರ ಬಂದು ನಿಲ್ಲುತ್ತಾರೆ, ಸಿಗ್ನಲ್ ಅಲ್ಲಿ ಚೆನ್ನಾಗಿ ಸಿಗುತ್ತದಂತೆ.

ಕಂಪನಿಯನ್ನು ಬೈದು ಪ್ರಯೋಜನವಿಲ್ಲ. ತನ್ನ ದುಡ್ಡಿನಲ್ಲಿ ಅಗೆದವನು ತನ್ನ ಲಾಭ ನೋಡುತ್ತಾನೆ. ನಾನು ಸಾಲದ ಅರ್ಜಿ ನೋಡುವವನು, ಅವನ ಜಾಗದಲ್ಲಿದ್ದರೆ ನಾನೂ ಚಾಳಿಗೆ ಹೋಗುತ್ತಿರಲಿಲ್ಲ. ಅದಕ್ಕೇ ಹೇಳುವುದು, ಅಗೆತದ ಖರ್ಚು ಒಬ್ಬನ ತಲೆಯ ಮೇಲೆ ಇರಬಾರದು.

5ಜಿ ಬಂತಲ್ಲ, ಇನ್ನು ತಂತಿ ಯಾಕೆ ಅನ್ನುವವರು ಮೊಬೈಲ್ ಟವರಿನ ಕೆಳಗೆ ಒಮ್ಮೆ ಬಗ್ಗಿ ನೋಡಲಿ. ಅಲ್ಲಿಂದ ಹೊರಡುವುದೂ ಫೈಬರೇ.

ಈಗ ನನ್ನ ಕಸುಬಿನ ಮಾತಿಗೆ ಬರುತ್ತೇನೆ. ದುಡ್ಡು ಎಲ್ಲಿಂದ? ಭಿವಂಡಿಗೋ ಉಲ್ಲಾಸನಗರಕ್ಕೋ ಒಂಟಿಯಾಗಿ ಸಾಲ ಕೊಡು ಅಂದರೆ ನಾನೂ ಎರಡು ಸಲ ಯೋಚಿಸುತ್ತೇನೆ. ಒಟ್ಟಾಗಿ ಬಂದರೆ ಲೆಕ್ಕ ಬೇರೆ. ನಮ್ಮ ದೇಶದಲ್ಲಿ ಮೊಟ್ಟಮೊದಲು ಪಾಲಿಕೆ ಬಾಂಡು ತಂದದ್ದು ನಮ್ಮ ಬೆಂಗಳೂರೇ, 1997ರಲ್ಲಿ, 125 ಕೋಟಿ, ರಾಜ್ಯ ಸರ್ಕಾರದ ಗ್ಯಾರಂಟಿ ಮೇಲೆ. ಮರುವರ್ಷ ಅಹಮದಾಬಾದ್ ಗ್ಯಾರಂಟಿ ಇಲ್ಲದೆ 100 ಕೋಟಿ ಎತ್ತಿತು. ಇವು ಒಂಟಿ ಪಾಲಿಕೆಗಳು. 2003ರಲ್ಲಿ ತಮಿಳುನಾಡಿನ ಹತ್ತಕ್ಕೂ ಹೆಚ್ಚು ಸಣ್ಣ ಊರುಗಳು ಒಟ್ಟು ಸೇರಿ ನೀರು-ಚರಂಡಿಗಾಗಿ ಸುಮಾರು 30 ಕೋಟಿ ಎತ್ತಿದವು. 2005ರಲ್ಲಿ ಬೆಂಗಳೂರಿನ ಸುತ್ತಲಿನ ಎಂಟು ನಗರಸಭೆ-ಪುರಸಭೆಗಳು ಸೇರಿ ನೀರಿಗಾಗಿ 100 ಕೋಟಿಯ ಬಾಂಡು ತಂದವು. ಒಂಟಿಯಾಗಿ ಹೋಗಿದ್ದರೆ ಅವುಗಳಲ್ಲಿ ಹೆಚ್ಚಿನವಕ್ಕೆ ಯಾರೂ ಹತ್ತಿರ ಸೇರಿಸುತ್ತಿರಲಿಲ್ಲ. ನೀರಿಗೆ ನಡೆದದ್ದು ಫೈಬರಿಗೂ ನಡೆಯುತ್ತದೆ.

ಇದು ಮುಳುಗಿದ ಕಡೆಯೂ ಇದೆ, ಅದನ್ನು ಮುಚ್ಚಿಟ್ಟರೆ ಬ್ಯಾಂಕಿನವನ ಮಾತು ಆಗುವುದಿಲ್ಲ. ಅಮೆರಿಕದ ಯೂಟಾ ರಾಜ್ಯದಲ್ಲಿ 2002ರಲ್ಲಿ ಅಕ್ಕಪಕ್ಕದ ಊರುಗಳು ಸೇರಿ ಯುಟೋಪಿಯಾ ಅಂತ ಒಂದು ಸಂಸ್ಥೆ ಮಾಡಿದವು. ಫೈಬರ್ ಊರುಗಳದ್ದು, ಸೇವೆ ಕೊಡುವವರು ಬೇರೆ ಕಂಪನಿಗಳು. ನಾನು ಕೇಳುತ್ತಿರುವುದೂ ಹೆಚ್ಚುಕಡಿಮೆ ಅದೇ. ಹನ್ನೊಂದು ಊರುಗಳು ತಮ್ಮ ಮಾರಾಟ ತೆರಿಗೆಯನ್ನೇ ಅಡ ಇಟ್ಟವು. ಆದರೆ ಲೆಕ್ಕ ಹಾಕಿದಷ್ಟು ಗಿರಾಕಿಗಳು ಬರಲಿಲ್ಲ, ಕೇಬಲ್ ಎಲ್ಲ ಮನೆಗಳಿಗೆ ಮುಟ್ಟುವ ಮೊದಲೇ ಕಂತು ಶುರುವಾಯಿತು. 2008ರಲ್ಲಿ 18.5 ಕೋಟಿ ಡಾಲರಿನ ಹೊಸ ಬಾಂಡು ಮಾಡಿ ಹಳೆಯದನ್ನು ತೀರಿಸಬೇಕಾಯಿತು, ತೆರಿಗೆ ಕಟ್ಟುವ ಜನ ಶಾಪ ಹಾಕಿದರು. ಅದೇ ರಾಜ್ಯದ ಪ್ರೋವೊ ಎಂಬ ಊರು ಯಾರ ಸಹವಾಸವೂ ಬೇಡ ಅಂತ ಒಂಟಿಯಾಗಿ ತನ್ನದೇ ಜಾಲ ಕಟ್ಟಿತು, ಸುಮಾರು 4 ಕೋಟಿ ಡಾಲರ್ ಸಾಲದಲ್ಲಿ. 2013ರಲ್ಲಿ ಅದನ್ನು ಗೂಗಲ್‌ಗೆ ಕೊಟ್ಟದ್ದು ಎಷ್ಟಕ್ಕೆ ಗೊತ್ತೇ? ಒಂದು ಡಾಲರಿಗೆ! ಸಾಲ ಮಾತ್ರ ಊರಿನವರ ತಲೆಯ ಮೇಲೆ ಉಳಿಯಿತು. ಒಟ್ಟು ಸೇರಿದ ಊರುಗಳು ನರಳಿದವು ನಿಜ, ಆದರೆ ಮಾರಿಕೊಳ್ಳಲಿಲ್ಲ. 2010ರಲ್ಲಿ ಅವುಗಳಲ್ಲೇ ಹಲವು ಸೇರಿ ಇನ್ನೊಂದು ಸಂಸ್ಥೆ ಮಾಡಿ, ಗಿರಾಕಿ ಇದ್ದಲ್ಲಿ ಮೊದಲು ಕಟ್ಟತೊಡಗಿದವು. ಇವತ್ತು ಆ ಜಾಲ ಬೆಳೆದು ಹೊಸ ಊರುಗಳು ಸೇರಿವೆ, ಒಂದೇ ತಂತಿಯ ಮೇಲೆ ಹತ್ತಾರು ಕಂಪನಿಗಳು ಸೇವೆ ಕೊಡುತ್ತಿವೆ.

ಸಾಲ ಕೊಡುವವನ ಕಣ್ಣಲ್ಲಿ ಅವರ ತಪ್ಪು ಒಂದೇ. ಗಿರಾಕಿಗಿಂತ ಮೊದಲು ಕಂತು ಬಂತು. ಮನೆ ಸಾಲಕ್ಕೆ ನಾವು ಕಟ್ಟಡ ಏಳುವವರೆಗೆ ಕಂತು ಮುಂದೂಡುತ್ತೇವೆ, ಒಂದೊಂದು ಮಾಳಿಗೆ ಎದ್ದಂತೆ ಹಣ ಬಿಡುತ್ತೇವೆ. ಇಲ್ಲೂ ಹಾಗೇ ಮಾಡಬೇಕು. ಒಂದೇ ಸಲ ಒಂಬತ್ತು ಊರು ಅಗೆಯುವುದು ಬೇಡವೇ ಬೇಡ. ಮೊದಲ ಗಿರಾಕಿ ಪಾಲಿಕೆಗಳೇ ಆಗಲಿ. ಅವರ ಆಸ್ಪತ್ರೆ, ಶಾಲೆ, ವಾರ್ಡ್ ಆಫೀಸುಗಳಿಗೆ ಈಗಲೂ ತಿಂಗಳಿಗೆ ಬಾಡಿಗೆ ಕಟ್ಟುತ್ತಾರಲ್ಲ, ಅದನ್ನೇ ಇಲ್ಲಿಗೆ ತಿರುಗಿಸಿದರೆ ಮೊದಲ ದಿನದಿಂದ ಆದಾಯ. ಆಮೇಲೆ ಬ್ಯಾಂಕುಗಳು ಬರುತ್ತವೆ. ನಮ್ಮವರಂತೂ ಎರಡು ನಿಜವಾದ ಬೇರೆ ಬೇರೆ ದಾರಿ ಸಿಕ್ಕಿದರೆ ಕುಣಿದಾಡುತ್ತಾರೆ. ಸ್ಟಾಕ್‌ಹೋಮ್ ನಗರದ ಸ್ಟೊಕಾಬ್ ಕಂಪನಿ 1994ರಿಂದ ಇದೇ ಕೆಲಸ ಮಾಡುತ್ತಿದೆ, ಖಾಲಿ ಫೈಬರ್ ಬಾಡಿಗೆಗೆ ಕೊಡುತ್ತದೆ, ತಾನು ಇಂಟರ್ನೆಟ್ ಮಾರುವುದಿಲ್ಲ.

ಕೇರಳದವರು 2023ರ ಜೂನಿನಲ್ಲಿ ಕೆ-ಫೋನ್ ಉದ್ಘಾಟಿಸಿದರು. 20 ಲಕ್ಷ ಬಡ ಕುಟುಂಬಗಳಿಗೆ ಉಚಿತ ಅಂದರು, ಕೆಲಸ ಗುರಿಗಿಂತ ಬಹಳ ಹಿಂದೆ ಬಿತ್ತು. ನಗುವವರು ನಗಲಿ, ಅವರು ವಿದ್ಯುತ್ ಮಂಡಳಿಯ ಕಂಬಗಳ ಮೇಲೆ ತಂತಿ ಎಳೆದು ಒಂದು ಆಸ್ತಿ ಮಾಡಿಕೊಂಡಿದ್ದಾರಲ್ಲ. ಹಳ್ಳಿಗಳಿಗೆ 2011ರಲ್ಲಿ ಮಂಜೂರಾದ ಯೋಜನೆ ಭಾರತ್‌ನೆಟ್ ಆಗಿ ಕುಂಟುತ್ತಲಾದರೂ ನಡೆಯುತ್ತಿದೆ. ದಕ್ಷಿಣ ಮುಂಬೈಗೆ ಕಂಪನಿಗಳು ತಾವಾಗಿ ಓಡಿ ಬರುತ್ತವೆ. ನಡುವೆ ಇರುವ ನಮ್ಮ ಊರುಗಳಿಗೆ, ದಿನಾ ಬೆಳಿಗ್ಗೆ ಲೋಕಲ್‌ನಲ್ಲಿ ತೂಗಾಡಿಕೊಂಡು ಹೋಗುವ ಲಕ್ಷಗಟ್ಟಲೆ ಜನರಿಗೆ, ಯಾವ ಯೋಜನೆ ಇದೆ ಹೇಳಿ?

ನಮಗೇನು ಕಡಿಮೆ? ಸಮುದ್ರದಡಿಯ ಕೇಬಲ್‌ಗಳು ದೇಶದೊಳಗೆ ಬರುವ ದೊಡ್ಡ ಬಾಗಿಲು ವರ್ಸೋವಾ ದಂಡೆಯಲ್ಲಿದೆ. ರೈಲ್ವೆಯ ರೈಲ್‌ಟೆಲ್ ಹಳಿಗಳ ಪಕ್ಕದಲ್ಲೇ ದೇಶದುದ್ದಕ್ಕೂ 60,000 ಕಿಲೋಮೀಟರಿಗೂ ಹೆಚ್ಚು ಫೈಬರ್ ಹಾಕಿಕೊಂಡಿದೆ. ನಮ್ಮ ಊರುಗಳೆಲ್ಲ ಇರುವುದೇ ಹಳಿಗೆ ಅಂಟಿಕೊಂಡು. 2016ರ ಜನವರಿಯಲ್ಲಿ ಗೂಗಲ್ ಜೊತೆ ಸೇರಿ ಸ್ಟೇಶನ್ ವೈಫೈ ಶುರು ಮಾಡಿದ್ದೂ ಮುಂಬೈ ಸೆಂಟ್ರಲ್‌ನಲ್ಲೇ. ಸ್ಟೇಶನ್ನಿನವರೆಗೆ ಬಂದದ್ದನ್ನು ಊರೊಳಗೆ ಕರೆದುಕೊಂಡು ಹೋಗುವ ದಾರಿ ಮಾತ್ರ ಇಲ್ಲ. ಕಡಲಿನಿಂದ ಸ್ಟೇಶನ್ನಿನವರೆಗೆ ಸಾವಿರಾರು ಮೈಲಿ ಬಂದ ಎಳೆ, ಸ್ಟೇಶನ್ನಿನಿಂದ ಚಾಳಿನವರೆಗೆ ಎರಡು ಕಿಲೋಮೀಟರ್ ಬರಲಾರದೆ ನಿಂತಿದೆ.

ಪಾಲಿಕೆ ಚುನಾವಣೆ ಬಂದಾಗ ನಮ್ಮ ಕನ್ನಡ ಸಂಘಗಳ ಮೆಟ್ಟಿಲನ್ನೂ ಅಭ್ಯರ್ಥಿಗಳು ಹತ್ತುತ್ತಾರೆ. ಹಾಲ್‌ಗೆ ಫ್ಯಾನು ಕೊಡುತ್ತೇವೆ, ಯಕ್ಷಗಾನಕ್ಕೆ ದೇಣಿಗೆ ಕೊಡುತ್ತೇವೆ ಅನ್ನುತ್ತಾರೆ, ನಾವೂ ಚಪ್ಪಾಳೆ ತಟ್ಟುತ್ತೇವೆ. ಮುಂದಿನ ಸಲ ಬಂದವರನ್ನು ನಾನು ಒಂದೇ ಪ್ರಶ್ನೆ ಕೇಳುವವನಿದ್ದೇನೆ, ನಿಮ್ಮ ವಾರ್ಡಿನ ರಸ್ತೆಗೆ ಕಾಂಕ್ರೀಟ್ ಹಾಕುವಾಗ ಕೆಳಗೆ ಎಷ್ಟು ಖಾಲಿ ಕೊಳವೆ ಬಿಟ್ಟಿದ್ದೀರಿ ಅಂತ.

ಆ ಅಜ್ಜಿ ನಾಲ್ಕನೇ ಸಲ ಬಂದಾಗ ಲಿಂಕ್ ಇತ್ತು, ಕೆಲಸ ಆಯಿತು. ರಿಕ್ಷಾಕ್ಕೆ ಒಟ್ಟು ಎಷ್ಟು ಖರ್ಚಾಯಿತು ಅಂತ ನಾನು ಕೇಳಲಿಲ್ಲ.