ಗುಳೆ ಮತ್ತು ಹರಕೆ: ಒಂದು ಪ್ರತಿಕ್ರಿಯೆ

ಸೇಡಂ, ಚಿತ್ತಾಪುರ, ಚಿಂಚೋಳಿ ತಾಲ್ಲೂಕುಗಳಿಂದ ಮುಂಬಯಿ, ಪುಣೆ, ಹೈದರಾಬಾದ್‌ಗಳಿಗೆ ಗುಳೆ ಹೋಗುವವರು, ಅಂದರೆ ಕೂಲಿಗಾಗಿ ಊರು ಬಿಡುವವರು, ದುಡಿದುದನ್ನು ಹಬ್ಬ, ಜಾತ್ರೆ, ಹರಕೆಗಳಿಗೆ ಸುರಿಯುವುದರಿಂದಲೇ ಅವರ ಬಡತನ ನೀಗುತ್ತಿಲ್ಲವೆಂಬ ವಾದ ಈಚೆಗೆ ಅಚ್ಚಾಗಿದೆ. ಹಬ್ಬಕ್ಕೆ ಸಾಲ ಮಾಡುವವರಿರುವುದು ನಿಜವಾದರೂ ಅದನ್ನೇ ಬಡತನದ ಮೂಲವೆನ್ನುವುದು ಕಾರಣವನ್ನೂ ಪರಿಣಾಮವನ್ನೂ ತಿರುವುಮುರುವು ಮಾಡುತ್ತದೆ. ಮಳೆಯನ್ನೇ ನಂಬಿದ ತೊಗರಿಯ ಹೊಲ ವರ್ಷವಿಡೀ ಕೂಲಿ ಕೊಡಲಾರದು, ಗುತ್ತಿಗೆದಾರನ ಮುಂಗಡವೇ ಎಷ್ಟೋ ಮನೆಗಳ ಮೊದಲ ಸಾಲ.

ಖರ್ಚನ್ನೇ ನೋಡುವುದಾದರೆ, ಗುಳೆ ಹೋಗುವವರಲ್ಲಿ ಹಲವರ ನೆಲೆಯಾದ ಲಂಬಾಣಿ ತಾಂಡಾಗಳ ತೀಜ್, ಎಂದರೆ ಮದುವೆಯಾಗದ ಹೆಣ್ಣುಮಕ್ಕಳು ಶ್ರಾವಣದಲ್ಲಿ ಬುಟ್ಟಿಯ ಮಣ್ಣಿಗೆ ಗೋಧಿ ಬಿತ್ತಿ, ನೀರೆರೆದು, ಹಾಡುತ್ತ ಸಸಿ ಬೆಳೆಸುವ ವ್ರತ, ಕೇಳುವುದು ಹಿಡಿ ಗೋಧಿಯನ್ನು. ಲಂಬಾಣಿಗರ ಸಂತ ಸೇವಾಲಾಲರ ಫೆಬ್ರುವರಿ 15ರ ಜಯಂತಿ ಗುಳೆಯ ತಿಂಗಳುಗಳಲ್ಲೇ ಬರುತ್ತದೆ. ದುಡಿಯುವ ಊರಿನಲ್ಲಿ ಅಂದು ಸೇರುವ ಬಳಗವೇ ಕೆಲಸದ ಸುದ್ದಿಗೂ ಕಾಯಿಲೆಯ ಕೈಸಾಲಕ್ಕೂ ಮಕ್ಕಳ ಸಂಬಂಧಕ್ಕೂ ಆಸರೆ, ಏಕೆಂದರೆ ಅಲ್ಲಿ ಅವರಲ್ಲಿ ಹಲವರಿಗೆ ಬೇರೆ ಸಂಘವಿಲ್ಲ.

ಜಾತ್ರೆಗೆ ಮರಳುವ ಪ್ರಯಾಣವನ್ನು ದುಂದು ಎನ್ನುವ ಲೇಖಕರು 1979ರ ಅಂತರರಾಜ್ಯ ವಲಸೆ ಕಾರ್ಮಿಕರ ಕಾಯ್ದೆಯನ್ನು ಮರೆತಿದ್ದಾರೆ. ಕೆಲಸಕ್ಕೆ ಹೋಗುವ ಮತ್ತು ಊರಿಗೆ ಮರಳುವ ದಾರಿಯ ವೆಚ್ಚವನ್ನು ಗುತ್ತಿಗೆದಾರನೇ ಕೊಡಬೇಕೆಂದು ಅದು ವಿಧಿಸಿತ್ತು. ಕೂಲಿಕಾರನ ಕಾಯಿ-ಕರ್ಪೂರದ ಲೆಕ್ಕ ಕೇಳುವವರು ಮೊದಲು ಆ ಹಣದ ಲೆಕ್ಕ ಕೇಳಲಿ.