ಹಗ್ಗ ಎಳೆಯುವ ಅಧಿಕಾರ ಯಾರಿಗೆ?



ಹೊಸ ಕಂಪನಿ ತೆರೆದವರೆಲ್ಲ ಈಗ ‘ಸ್ಟಾರ್ಟಪ್ ಸಂಸ್ಕೃತಿ’ ಎಂಬ ಮಂತ್ರ ಜಪಿಸುತ್ತಾರೆ. ಗೋಡೆಗೆ ಬಣ್ಣ, ಕೂರಲು ಮೆತ್ತೆ, ಬಿಟ್ಟಿ ಕಾಫಿ (ಮಾಡುವವರು ನಾವೇ), ‘ನಾವೆಲ್ಲ ಒಂದೇ ಕುಟುಂಬ’ ಎಂಬ ಮಾತು. ಈ ಮಾತು ನಮಗೆ ಹೊಸದಲ್ಲ. ‘ನೀನು ಮನೆಯ ಹುಡುಗನಲ್ಲವೋ’ ಎಂದು ಬೆನ್ನು ಸವರಿಯೇ ನಮ್ಮಿಂದ 14 ತಾಸು ದುಡಿಸಿದ್ದುಂಟು. ಮೇಲೆ, ಕೆಲಸಗಾರ ತಲೆ ಓಡಿಸುವುದಿಲ್ಲ ಎಂಬ ದೂರು ಬೇರೆ!

ಈ ದೂರಿಗೆ ಅಮೇರಿಕದಲ್ಲೇ ಉತ್ತರವಿದೆ. ಕ್ಯಾಲಿಫೋರ್ನಿಯದ ಫ್ರೀಮಾಂಟ್ ಊರಿನ ಜನರಲ್ ಮೋಟಾರ್ಸ್ ಕಾರಖಾನೆ 1982ರಲ್ಲಿ ಮುಚ್ಚಿತು. (ನಮ್ಮ ಗಿರಣಗಾಂವದ ಸುಮಾರು ಎರಡೂವರೆ ಲಕ್ಷ ಕಾಮಗಾರರು ಮುಷ್ಕರ ಹೂಡಿದ್ದೂ ಅದೇ ವರ್ಷ.) ಅಲ್ಲಿಯ ಆಳುಗಳು ಸೋಮಾರಿಗಳು, ಕುಡುಕರು, ಐವರಲ್ಲಿ ಒಬ್ಬ ಗೈರುಹಾಜರು ಎಂದು ಕುಖ್ಯಾತಿ. ತಪ್ಪು ಕಂಡರೂ ಸಾಲು ನಿಲ್ಲಿಸಬಾರದು ಎಂಬುದು ಅಲ್ಲಿಯ ಕಟ್ಟಳೆ.

1984ರಲ್ಲಿ ಜಪಾನಿನ ಟೊಯೋಟಾ ಕಂಪನಿ ಜನರಲ್ ಮೋಟಾರ್ಸ್ ಜೊತೆ ಸೇರಿ ಅದೇ ಕಟ್ಟಡದಲ್ಲಿ ‘ನುಮ್ಮಿ’ ಎಂಬ ಹೊಸ ಕಂಪನಿ ತೆರೆಯಿತು. ತೆಗೆದುಕೊಂಡದ್ದು ಹೆಚ್ಚುಪಾಲು ಅದೇ ‘ಕುಡುಕ’ರನ್ನು, ಯೂನಿಯನ್ನೂ ಅದೇ. ಬದಲಾದದ್ದು ನಡಾವಳಿ. ಸಾಲಿನುದ್ದಕ್ಕೂ ಒಂದು ಹಗ್ಗ. ತಪ್ಪು ಕಂಡ ಯಾವ ಕೆಲಸಗಾರನೂ ಅದನ್ನೆಳೆಯಬಹುದು. ಎಳೆದರೆ ಮುಂದಾಳು ಓಡಿಬಂದು ‘ಏನು ತೊಂದರೆ?’ ಎಂದು ಕೇಳಬೇಕು. ಸರಿಹೋಗದಿದ್ದರೆ ಸಾಲೇ ನಿಲ್ಲುತ್ತದೆ. ಕೆಲಸ ಸುಲಭವಾಗುವ ಉಪಾಯವನ್ನು ಕೆಲಸಗಾರನಲ್ಲೇ ಕೇಳುತ್ತಿದ್ದರು. ಹೇಳಿದರೆ ಕೆಲಸ ಹೋದೀತೆಂಬ ಅಂಜಿಕೆಯಿಲ್ಲ. 1988ರ ಸುಮಾರಿಗೆ ಮಾರಾಟ ಬಿದ್ದಾಗಲೂ ಜನರನ್ನು ಮನೆಗೆ ಕಳಿಸದೆ ತರಬೇತಿಗೆ ಹಚ್ಚಿದರು. ಕೆಲವೇ ವರ್ಷಗಳಲ್ಲಿ ಅಲ್ಲಿಯ ಕಾರು ಜಪಾನಿನ ಕಾರಿಗೆ ಹೆಚ್ಚುಕಡಿಮೆ ಸಮನಾಯಿತು, ಗೈರುಹಾಜರಿ ಎಷ್ಟೋ ಇಳಿಯಿತು.

ಅಲ್ಲೇನೂ ಸ್ವರ್ಗವಿರಲಿಲ್ಲ. ಸಾಲಿನ ವೇಗ ಮೈಮುರಿಯುವಂಥದೆಂದು ಕೆಲಸಗಾರರೇ ದೂರಿದರು. 2010ರಲ್ಲಿ ಮಾಲಕರು ಬಾಗಿಲು ಹಾಕಿದಾಗ ಅದನ್ನು ತಡೆಯಲು ಯಾವ ಹಗ್ಗವೂ ಇರಲಿಲ್ಲ.

ಇನ್ನು ನಮ್ಮ ಹೋಟೆಲು. ಹಿಟ್ಟು ಹುಳಿಯಾದದ್ದು ಭಟ್ಟರಿಗಿಂತ ಮೊದಲು ತಿಳಿಯುವುದು ಬಡಿಸುವವನಿಗೆ: ಗಿರಾಕಿ ಅರ್ಧ ದೋಸೆ ಬಿಟ್ಟು ಏಳುತ್ತಾನೆ. ಹೇಳಹೋದರೆ ಗಲ್ಲೆಯಿಂದ ಉತ್ತರ: ‘ನಿನ್ನ ಕೆಲಸ ನೀನು ನೋಡು.’ ತಟ್ಟೆ ತೊಳೆಯುವ ಹುಡುಗ ಉಪಾಯ ಮಾಡಿ ಇಬ್ಬರ ಕೆಲಸ ಒಬ್ಬನಿಂದಾಗುವಂತೆ ಮಾಡಿದನೋ, ಮರುದಿನ ಒಬ್ಬನ ಟ್ರಂಕು ಹೊರಗೆ! ಅಂಥಲ್ಲಿ ಬಾಯಿ ಮುಚ್ಚಿಕೊಂಡಿರುವವನು ದಡ್ಡನೇ?

ಈ ಸಲದ ಬೇಡಿಕೆಗಳಲ್ಲಿ ಪಗಾರ, ರಜೆಯ ಜೊತೆಗೆ ಇನ್ನೆರಡು ಸೇರಿಸುತ್ತೇವೆ. ಕೆಟ್ಟದ್ದನ್ನು ಕೆಟ್ಟದ್ದೆಂದವನಿಗೆ ಶಿಕ್ಷೆ ಕೂಡದು. ಕೆಲಸಗಾರನ ಸಲಹೆಯಿಂದ ದುಡಿಮೆ ಉಳಿದರೆ, ಅದೇ ನೆವದಿಂದ ಯಾರನ್ನೂ ತೆಗೆಯಕೂಡದು. ನಿಮ್ಮ ನಿಮ್ಮ ಹೋಟೆಲು, ಖಾತೆಗಳಲ್ಲಿ ಬಾಯಿ ಬಿಟ್ಟವರಿಗೆ ಏನಾಯಿತೆಂಬುದನ್ನು ಸಂಘದ ಕಚೇರಿಗೆ ಬಂದು ಬರೆಸಿರಿ.